ಬಿಷಪ್ಪನವರೂ ನನ್ನ ಭಾವನೂ

ನಮ್ಮ ಗಿರಣಿ ಚಾಳಿನ ಸಾಲುಮನೆಗಳಿಗೆ ‘ಬಿಷಪ್’ ಎಂಬ ಶಬ್ದ ಮೊದಲ ಸಲ ಕಾಲಿಟ್ಟಾಗ ಬಾಜೂ ಮನೆಯ ಕಾಕು ಅದನ್ನು ‘ಬಿಷಪ್ಪ’ ಎಂದು ಕೇಳಿಸಿಕೊಂಡರು. ಅದರಲ್ಲಿ ಅವರ ತಪ್ಪೇನಿಲ್ಲ. ನಮ್ಮ ಸೀಮೆಯಲ್ಲಿ ಗಂಡಸರ ಹೆಸರುಗಳು ಹೆಚ್ಚುಕಡಿಮೆ ಎಲ್ಲವೂ ಅಪ್ಪನಲ್ಲೇ ಮುಗಿಯುತ್ತವೆ. ಬೆಳಗಾವಿಗೆ ನಮ್ಮವರೇ ಆದ ಒಬ್ಬ ಬಿಷಪ್ಪ ಬರುತ್ತಾರೆ ಎಂದು ಅವ್ವ ಹೇಳಿದ್ದೇ ತಡ, ಕಾಕು ಬೀಸುವ ಕಲ್ಲು ನಿಲ್ಲಿಸಿ, ಯಾವ ಊರಿನವರು, ಯಾರ ಪೈಕಿ, ಮಕ್ಕಳೆಷ್ಟು ಎಂದು ಒಂದೇ ಉಸಿರಿನಲ್ಲಿ ವಿಚಾರಿಸಿದರು. ಹೆಂಡತಿ ಮಕ್ಕಳಿಲ್ಲ ಎಂದು ತಿಳಿದಾಗ ಅವರಿಗೆ ನಿಜಕ್ಕೂ ಮರುಕವಾಯಿತು. ಅಷ್ಟು ದೊಡ್ಡ ಹುದ್ದೆ ಇದ್ದೂ ಹೆಣ್ಣು ಸಿಗಲಿಲ್ಲವಲ್ಲ ಪಾಪ ಎಂದರು. ಕಾಕುವಿನ ಗಂಡ ಅಪ್ಪನ ಜೊತೆ ಗಿರಣಿಯ ನೂಲು ಖಾತೆಯಲ್ಲಿದ್ದರು, ಅವರ ಹೊಲ ಅಂಕಲಗಿಯಲ್ಲಿತ್ತು. ಲಿಂಗ ಕಟ್ಟಿಕೊಂಡ ಹೆಂಗಸು ಅವರು. ಆದರೆ ನಮ್ಮ ಧರ್ಮದ ಸಮಾಚಾರದಲ್ಲಿ ಅವರಿಗಿದ್ದ ಆಸಕ್ತಿ ನಮ್ಮಲ್ಲಿ ಎಷ್ಟೋ ಜನಕ್ಕೆ ಇರಲಿಲ್ಲ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾವಿನ್ನೂ ಮುಂಬಯಿ ರಾಜ್ಯದಲ್ಲೇ ಇದ್ದೆವು. ಗೋಕಾಕದ ಜಲಪಾತದ ಪಕ್ಕದ ಗಿರಣಿಯ ಚಾಳಿನಲ್ಲಿ ನಮ್ಮಂಥ ಕ್ಯಾಥೋಲಿಕ್ ಮನೆಗಳು ಅಲ್ಲೊಂದು ಇಲ್ಲೊಂದು. ಮನೆಗಳು ಕಡಿಮೆಯಾದರೂ ನಮ್ಮ ಮೇಲೆ ಯಜಮಾನಿಕೆ ಮಾತ್ರ ಇಬ್ಬರದು. ಕೆಲವು ಮನೆಗಳು ಗೋವಾದ ಆರ್ಚ್‌ಬಿಷಪ್ಪರ ಕೈಕೆಳಗೆ, ಕೆಲವು ಪುಣೆಯ ಬಿಷಪ್ಪರ ಕೈಕೆಳಗೆ. ಏಕೆ ಹೀಗೆ ಎಂದು ಅಪ್ಪನನ್ನು ಕೇಳಿದರೆ, ಹಿಂದೆ ಪೋರ್ಚುಗೀಸರ ರಾಜನಿಗೂ ರೋಮಿನ ಪೋಪರಿಗೂ ಏನೋ ಮಾತುಕತೆಯಾಗಿತ್ತಂತೆ ಎಂದು ತಮಗೂ ಅರ್ಥವಾಗದ ಕತೆಯನ್ನು ಎಳೆಯುತ್ತಿದ್ದರು. ನಮಗೆ ತಿಳಿದದ್ದು ಇಷ್ಟೇ: ಮುತ್ತಜ್ಜನಿಗೆ ಜ್ಞಾನಸ್ನಾನ ಕೊಟ್ಟ ಗುರುಗಳು ಯಾವ ಕಡೆಯವರೋ ನಾವೂ ಆ ಕಡೆಯವರು. ಹಾಗಾಗಿ ನಾವು ಗೋವಾದವರು. ಗೋವಾವನ್ನು ನಮ್ಮ ಮನೆಯಲ್ಲಿ ಯಾರೂ ಕಣ್ಣಿಂದ ಕಂಡಿರಲಿಲ್ಲ. ಅಪ್ಪನ ಅಕ್ಕನನ್ನು ಮೂಡಲಗಿಗೆ ಕೊಟ್ಟಿದ್ದರು, ಅತ್ತೆಯ ಮನೆಯವರು ಪುಣೆಯವರು. ಪುಣೆಯನ್ನು ಅವರೂ ಕಂಡಿರಲಿಲ್ಲ.

ಇದರ ಫಲ ಏನೆಂದರೆ, ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆ ಕೊಂಕಣಿಯಲ್ಲಿ ನಡೆಯುತ್ತಿತ್ತು, ಅತ್ತೆಯ ಮನೆಯಲ್ಲಿ ಮರಾಠಿಯಲ್ಲಿ. ಪೂಜೆ ಎರಡೂ ಕಡೆ ಲ್ಯಾಟಿನ್. ನಾವು ಒಂದಕ್ಷರ ಅರ್ಥ ತಿಳಿಯದೆ ಕೊಂಕಣಿಯನ್ನು ಗಿಳಿಪಾಠ ಒಪ್ಪಿಸಿದ ಹಾಗೆ ಒಪ್ಪಿಸಿ, ಶಿಲುಬೆ ಗುರುತು ಹಾಕಿಕೊಂಡು ಎದ್ದು, ರೊಟ್ಟಿ ಯಾರು ಬಡಿಯಬೇಕು ಎಂದು ಕನ್ನಡದಲ್ಲಿ ಜಗಳವಾಡುತ್ತಿದ್ದೆವು. ಜಗಳ ಮಾತ್ರ ನಮ್ಮ ಸ್ವಂತ ಭಾಷೆಯಲ್ಲಿ ಇತ್ತು. ಕೊಂಕಣಿಯ ಆ ಪ್ರಾರ್ಥನೆಗಳ ಅರ್ಥವನ್ನು ಯಾರಾದರೂ ಒಂದು ಸಲ ಬಿಡಿಸಿ ಹೇಳಿದ್ದರೆ ನನ್ನ ಮದುವೆಗೆ ಬಂದ ಆಪತ್ತು ಬರುತ್ತಲೇ ಇರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹೀಗಿರುವಾಗ ರೋಮಿನಿಂದ ಅಪ್ಪಣೆಯಾಯಿತು. ಗೋವಾದ ಕಡೆಯ ಒಂದಷ್ಟು ಊರು, ಪುಣೆಯ ಕಡೆಯ ಒಂದಷ್ಟು ಊರು ಕೂಡಿಸಿ ಬೆಳಗಾವಿಯನ್ನೇ ಒಂದು ಧರ್ಮಪ್ರಾಂತ್ಯ ಮಾಡಿದರು, ಅದಕ್ಕೊಬ್ಬ ಬಿಷಪ್ಪರು. ಅಂದರೆ ಮನಸ್ಸು ಮಾಡಿದರೆ ಬೆಳಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ತಿರುಗಿ ಬರುವಷ್ಟು ಹತ್ತಿರದ ಬಿಷಪ್ಪರು. ಅಪ್ಪನಿಗಾದ ಸಂತೋಷ ಹೇಳತೀರದು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಕಡೆಗೆ ಸೇರಿ ಒಬ್ಬ ಗುರುಗಳನ್ನು ಕಳಿಸಿದರು. ಗೋವಾದವರು ಪುಣೆಯವರು ಎಂಬ ಭೇದ ಇನ್ನಿಲ್ಲ, ಎಲ್ಲರೂ ಒಂದೇ ಎಂದು ಅವರು ಮೊದಲ ಪೂಜೆಯಲ್ಲೇ ಸಾರಿದರು. ಆ ಪೂಜೆ ಮುಗಿದ ಕೂಡಲೇ ಗುಡಿಯ ಅಂಗಳದಲ್ಲಿ, ಮುಂದಿನ ಹಬ್ಬಕ್ಕೆ ಕೊಂಕಣಿ ಹಾಡು ಹಾಡಬೇಕೋ ಮರಾಠಿ ಹಾಡು ಹಾಡಬೇಕೋ ಎಂದು ಎರಡೂ ಕಡೆಯವರು ಕೈಕೈ ಮಿಲಾಯಿಸುವುದೊಂದು ಬಾಕಿ. ನಮ್ಮ ಪುಟ್ಟ ಚರ್ಚಿಗೆ ನಾವು ಗುಡಿ ಎಂದೇ ಅನ್ನುತ್ತಿದ್ದೆವು. ಕೊನೆಗೆ ಕಾಕು ಅಡ್ಡ ಬಂದು, ಎರಡೂ ಹಾಡಿ, ದೇವರಿಗೇನು ಕೆಲಸ ಐತಿ, ಕೇಳಲಿ ಎಂದು ತೀರ್ಪು ಕೊಟ್ಟರು. ಅದೇ ನಡೆಯಿತು.

ಹೊಸ ಗುರುಗಳು ಹುಕ್ಕೇರಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಅಲ್ಲಿಂದ ಫಟಫಟಿ ಮೋಟಾರ್‌ಸೈಕಲ್ಲಿನ ಮೇಲೆ ಧೂಳೆಬ್ಬಿಸುತ್ತ ಒಂದು ವಾರ ನಮ್ಮ ಊರು, ಒಂದು ವಾರ ಮೂಡಲಗಿ ಎಂದು ಓಡಾಡುವರು. ಸಮುದ್ರದ ಕಡೆಯವರು, ತಾಯಿಭಾಷೆ ಕೊಂಕಣಿ. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. ಅವರು ಮಾತಾಡಿದರೆ ಸರಕಾರಿ ಜಾಹೀರಾತು ಓದಿದ ಹಾಗಿರುತ್ತಿತ್ತು, ನಾವು ಮಾತಾಡಿದರೆ ಅವರು ಎರಡು ಕೈಯನ್ನೂ ಎತ್ತಿ ಸಾವಕಾಶ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಖಾರ ತಿಂದು ಕಣ್ಣೀರು ಸುರಿಸುತ್ತಲೇ ಚಟ್ನಿ ಚೆನ್ನಾಗಿದೆ ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಅವರ ಮೇಲೆ ಬಹಳ ಸಿಟ್ಟಾಗುವುದಿದೆ.

ಈಗ ನನ್ನ ಭಾವನ ವಿಷಯ. ಮೂಡಲಗಿಯ ಅತ್ತೆಯ ಮಗ, ನನಗಿಂತ ಕೆಲವು ವರ್ಷ ದೊಡ್ಡವರು. ಮೂಡಲಗಿಯಲ್ಲಿ ಆಗ ಹೇಳಿಕೊಳ್ಳುವಂಥ ಸಾಲೆ ಇರಲಿಲ್ಲವೆಂದು ಚಿಕ್ಕಂದಿನಲ್ಲಿ ಅವರನ್ನು ನಮ್ಮ ಮನೆಯಲ್ಲಿ ಇಟ್ಟಿದ್ದರು. ಗಿರಣಿಯ ಸಾಲೆಯಲ್ಲಿ ಓದು ಮುಗಿಸಿ ತಿರುಗಿ ಹೋದರು. ಬಾವಿಗಳಿಗೆ ಕೂಡಿಸುವ ಎಣ್ಣೆ ಇಂಜಿನ್ನು ರಿಪೇರಿ ಮಾಡುವ ಕೆಲಸ ಕಲಿತರು. ಸುತ್ತಲ ಕಬ್ಬಿನ ಹೊಲದವರು ಹುಡುಕಿಕೊಂಡು ಬರುವಷ್ಟು ಕೈಗುಣ. ಮಾತು ಮಾತ್ರ ಕಡಿಮೆ, ನನ್ನ ಪಾಲಿನದಲ್ಲದೆ ಅವರಿಗೆ ಬರಬೇಕಾದ ಮಾತೆಲ್ಲ ನನಗೇ ಬಂದುಬಿಟ್ಟಿತ್ತು. ನಕ್ಕರೆ ಸಪ್ಪಳವಾಗುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಆ ಭುಜ ಕುಣಿಸುವುದಕ್ಕಾಗಿಯೇ ನಾನು ಇಲ್ಲದ ಕತೆ ಕಟ್ಟುತ್ತಿದ್ದೆ. ಸೈಕಲ್ಲಿನ ಮೇಲೆ ಅರಭಾವಿ ದಾಟಿ ಅಷ್ಟು ದೂರ ಬಂದು, ಅತ್ತೆ ಕಳಿಸಿದ ಬೆಲ್ಲ ಅವ್ವನ ಕೈಗೆ ಕೊಟ್ಟು, ಒಂದು ತಂಬಿಗೆ ನೀರು ಕುಡಿದು, ಆಯಿತು ಬರುತ್ತೇನೆ ಎಂದು ಹೊರಟುಬಿಡುತ್ತಿದ್ದರು. ಹಾಗೆ ಹೊರಟವರು ಚಾಳಿನ ಮೂಲೆಯಲ್ಲಿ ಸೈಕಲ್ಲಿನ ಚೈನು ಬಿದ್ದಿದೆ ಎಂದು ಕೂತರೆ, ನಾನು ನೀರು ತರುವ ನೆಪದಲ್ಲಿ ಎರಡು ಸಲ ಹೋಗಿಬರುವವರೆಗೆ ಆ ಚೈನು ಏರುತ್ತಿರಲಿಲ್ಲ. ಇಂಜಿನ್ನು ಬಿಚ್ಚಿ ಕೂಡಿಸುವ ಮನುಷ್ಯನಿಗೆ ಒಂದು ಚೈನು ಹಾಕಲು ಅಷ್ಟು ಹೊತ್ತು ಏಕೆ ಎಂದು ಕಾಕು ಎಲ್ಲರಿಗೂ ಕೇಳಿಸುವಂತೆ ಕೇಳುತ್ತಿದ್ದರು.

ಅತ್ತೆಗೆ ನಾನು ಹಕ್ಕಿನ ಹುಡುಗಿ. ತಮ್ಮನ ಮಗಳನ್ನು ತನ್ನ ಮಗನಿಗೆ ತರುವುದು ಅವರ ಮಟ್ಟಿಗೆ ಕೇಳುವ ಮಾತೇ ಅಲ್ಲ, ಬುಟ್ಟಿ ತಂದು ಎತ್ತಿಕೊಂಡು ಹೋಗುವ ಮಾತು. ನಮ್ಮ ಕಡೆ ಹಿಂದೂಗಳಲ್ಲಿ ಹೇಗೋ ನಮ್ಮಲ್ಲೂ ಹಾಗೇ. ನನಗಂತೂ ಅವರಲ್ಲದೆ ಬೇರೆ ಯಾರ ಮುಖವೂ ಮನಸ್ಸಿಗೆ ಬಂದಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಮಾತು ಮುಗಿದು, ಬೂದಿ ಬುಧವಾರಕ್ಕೆ ಮೊದಲೇ ಮದುವೆ ಎಂದಾಯಿತು. ಅದು ದಾಟಿದರೆ ತಪಸ್ಸಿನ ಕಾಲ, ಪಾಸ್ಕ ಹಬ್ಬದವರೆಗೆ, ಅಂದರೆ ಈಸ್ಟರಿನವರೆಗೆ, ಮದುವೆ ನಡೆಯುವುದಿಲ್ಲ.

ಮದುವೆಗೆ ಮೊದಲು ಗುರುಗಳು ಹುಡುಗಿಯನ್ನು ಒಬ್ಬಳನ್ನೇ ಕೂಡಿಸಿಕೊಂಡು ಪ್ರಶ್ನೆ ಕೇಳುವ ಪದ್ಧತಿ ಉಂಟು. ಯಾರಾದರೂ ಬಲವಂತ ಮಾಡಿದ್ದಾರೆಯೇ, ಮನಸಾರೆ ಒಪ್ಪಿದ್ದೀಯಾ ಎಂದು ತಿಳಿದುಕೊಳ್ಳುವುದಕ್ಕೆ. ನಾನು ಹೊಸ ಸೀರೆ ಉಟ್ಟು ಗುಡಿಯ ಬೆಂಚಿನ ಮೇಲೆ ಕೂತೆ. ಬಲವಂತವಿಲ್ಲ, ಒಪ್ಪಿದ್ದೇನೆ ಎಂದೆ. ಗುರುಗಳು ಸಮಾಧಾನದಿಂದ ತಲೆಯಾಡಿಸಿ, ಹುಡುಗ ಗುರುತಿನವನೇ, ನಿನಗೆ ಏನಾಗಬೇಕು ಎಂದು ಕೇಳಿದರು.

"ಭಾವ ಆಗಬೇಕ್ರಿ ಫಾದರ್" ಎಂದೆ.

ಗುರುಗಳ ಕೈಯಲ್ಲಿದ್ದ ಪೆನ್ನು ನಿಂತಿತು. ನಿಮಗೆ ಈಗಲೇ ಹೇಳಿಬಿಡುವುದು ಒಳ್ಳೆಯದು, ನನಗೆ ಮಾತ್ರ ಇದು ಬಹಳ ತಡವಾಗಿ ಗೊತ್ತಾಯಿತು: ಕೊಂಕಣಿಯಲ್ಲಿ ಭಾವ್ ಎಂದರೆ ಒಡಹುಟ್ಟಿದ ಅಣ್ಣ ಅಥವಾ ತಮ್ಮ.

ಅವರು ಮುಂದೆ ಬಾಗಿ, ನಿಜವಾಗಿ ಭಾವನೇ ಎಂದರು.

"ಹುಟ್ಟಿದಾಗಿಂದನೂ ಭಾವರಿ. ಸಣ್ಣವರಿದ್ದಾಗ ನಮ್ಮ ಮನ್ಯಾಗ ಬೆಳದಾರ್ರಿ. ಈಗ ಅತ್ತಿ ಮನ್ಯಾಗ ಇರ್ತಾರ."

ಇದಕ್ಕಿಂತ ಚೆನ್ನಾಗಿ ನನ್ನ ಕುತ್ತಿಗೆಯನ್ನು ನಾನೇ ಹಿಸುಕಿಕೊಳ್ಳಲು ಸಾಧ್ಯವಿರಲಿಲ್ಲ. ಅಣ್ಣನನ್ನು ಚಿಕ್ಕಂದಿನಲ್ಲೇ ಅತ್ತೆಗೆ ದತ್ತು ಕೊಟ್ಟಿದ್ದಾರೆ, ಈಗ ಅವನಿಗೇ ತಂಗಿಯನ್ನು ಕೊಡುತ್ತಿದ್ದಾರೆ ಎಂದು ಆ ಒಳ್ಳೆಯ ಮನುಷ್ಯ ತಿಳಿದರು. ಭಾವನ ಜ್ಞಾನಸ್ನಾನದ ದಾಖಲೆ ನೋಡೋಣವೆಂದರೆ ಮೂಡಲಗಿಯವರ ಪುಸ್ತಕಗಳು ಇನ್ನೂ ಪುಣೆಯ ಕಡೆಯಿಂದ ಬಂದಿರಲಿಲ್ಲ. ಗುರುಗಳು ಎದ್ದು ನಿಂತರು. ಈ ವಿಷಯದಲ್ಲಿ ನಿನಗೇನೂ ಅನ್ನಿಸುವುದಿಲ್ಲವೇ ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ತಲೆ ತಗ್ಗಿಸಿ, ಭಾಳ ಖುಷಿ ಅನಸತೈತ್ರಿ ಎಂದೆ. ಅವರು ಬಾಗಿಲು ತೋರಿಸಿದರು.

ಆ ಸಂಜೆಯೇ ಅಪ್ಪನನ್ನು ಕರೆದು, ಈ ಮದುವೆ ಸಾಧ್ಯವಿಲ್ಲ, ಸ್ವತಃ ಪೋಪರು ಬಂದರೂ ಸಾಧ್ಯವಿಲ್ಲ ಎಂದರಂತೆ. ಕಾರಣವೇನು ಎಂದು ಅಪ್ಪ ಕೇಳಿದ್ದಕ್ಕೆ, ಅದು ನಿಮಗೇ ಗೊತ್ತು, ನನ್ನ ಬಾಯಿಂದ ಹೇಳಿಸಬೇಡಿ ಎಂದು ಫಟಫಟಿ ಹತ್ತಿ ಹೋಗಿಬಿಟ್ಟರು. ಅಪ್ಪನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. ಗುರುಗಳು ಗೊತ್ತಿದೆ ಎಂದ ಮೇಲೆ ಏನೋ ಇರಲೇಬೇಕು ಎಂದು ಅವರ ನಂಬಿಕೆ. ರಾತ್ರಿಪಾಳಿಗೆ ಹೋಗುವಾಗ ಒಂದು ಸಂಶಯ, ಬರುವಾಗ ಇನ್ನೊಂದು ಸಂಶಯ. ಹುಡುಗನಿಗೆ ಮೂಡಲಗಿಯಲ್ಲಿ ಬೇರೆ ಸಂಸಾರವಿದೆಯೋ ಎಂದು ಒಮ್ಮೆ, ಹಿಂದೆ ಯಾವಾಗಲೋ ಪುಣೆಯವರ ಪಾಪವೇನೋ ಬಾಕಿ ಇದೆಯೋ ಎಂದು ಒಮ್ಮೆ.

ಸುದ್ದಿ ಮುಟ್ಟಿ ಅತ್ತೆ ಮೊದಲ ಬಸ್ಸಿಗೇ ಬಂದಿಳಿದರು. ಅವರದೂ ಒಂದು ಸಂಶಯ ಇತ್ತು, ನಮ್ಮ ಅವ್ವನೇ ಗುರುಗಳ ಕಿವಿ ಊದಿದ್ದಾಳೆ ಎಂದು. ಅತ್ತೆಯೂ ಅವ್ವನೂ ಇಡೀ ದಿನ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತು, ಮಾತನ್ನೆಲ್ಲ ನನ್ನ ಮೂಲಕ ಕಳಿಸಿದರು. ನಡುವೆ ಕಾಕು ಎರಡೂ ಕಡೆಯವರಿಗೆ ಚಹಾ ಮಾಡಿ ಕೊಟ್ಟರು. ಭಾವ ಬರಲಿಲ್ಲ. ಬರಬೇಡ ಎಂದು ಅತ್ತೆಯೇ ತಡೆದಿದ್ದರು. ಆ ವಾರ ನಾನು ಅತ್ತಿದ್ದು ಕಡಿಮೆ, ಸಿಟ್ಟು ಮಾಡಿದ್ದು ಹೆಚ್ಚು. ಒಗೆಯುವ ಕಲ್ಲಿನ ಮೇಲೆ ಅಪ್ಪನ ಅಂಗಿಗಳ ಗುಂಡಿ ಒಂದೂ ಉಳಿಯಲಿಲ್ಲ.

ಅಷ್ಟು ಸಾಲದೆಂದು ಗುರುಗಳು ಮುಂದಿನ ಭೇಟಿಯಲ್ಲಿ ಒಂದು ಉಪಕಾರ ಬೇರೆ ಮಾಡಿದರು. ನನ್ನನ್ನು ಕೈಬಿಡಬಾರದೆಂದು ಅವರಿಗೆ ಮರುಕ. ಬೆಳಗಾವಿಯ ಮಿಲಿಟರಿ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಒಬ್ಬ ಒಳ್ಳೆಯ ಹುಡುಗನಿದ್ದಾನೆ, ಪಾಸ್ಕ ಹಬ್ಬ ಮುಗಿದ ಮೇಲೆ ಬಂದು ನೋಡಲಿ ಎಂದರು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಅಪ್ಪ ಊಹೂಂ ಅನ್ನದಿದ್ದರೆ ಅದು ನಿಧಾನಕ್ಕೆ ಹೂಂ ಆಗುತ್ತದೆ ಎಂದು ನನಗೆ ಗೊತ್ತಿತ್ತು. ಜೀವನದಲ್ಲಿ ಮೊದಲ ಸಲ ನನಗೆ ಹೆದರಿಕೆಯಾಯಿತು. ಬೂದಿ ಬುಧವಾರ ಹತ್ತಿರ ಬರುತ್ತಿತ್ತು.

ಅದೇ ಹೊತ್ತಿಗೆ ಬಿಷಪ್ಪರು ನಮ್ಮ ಚಾಳಿಗೆ ಬರುವುದು ನಿಶ್ಚಯವಾಯಿತು. ಮಕ್ಕಳಿಗೆ ದೃಢೀಕರಣ ಸಂಸ್ಕಾರ ಕೊಡುವುದಕ್ಕೆ. ಅದನ್ನು ಬಿಷಪ್ಪರೇ ಕೊಡಬೇಕು, ಕೊಡುವಾಗ ಕೆನ್ನೆಗೆ ಮೆತ್ತಗೆ ಒಂದು ತಟ್ಟುವುದು ಆಗಿನ ಪದ್ಧತಿ, ಧರ್ಮಕ್ಕಾಗಿ ಪೆಟ್ಟು ತಿನ್ನಲು ಸಿದ್ಧವಾಗಿರು ಎಂದು ಅದರ ಅರ್ಥ. ಅದು ಚಾಳಿನ ತುಂಬ ಹರಡುವಾಗ, ಬಿಷಪ್ಪ ಬಂದು ಎಲ್ಲ ಮಕ್ಕಳಿಗೆ ಕಪಾಳಕ್ಕೆ ಹೊಡೆಯುತ್ತಾರೆ ಎಂದಾಯಿತು. ಮಕ್ಕಳು ಹಾಸಿಗೆ ಹಿಡಿದರು. ಕಾಕುವಿಗೆ ರೇಗಿತು. ತನಗೆ ಮಕ್ಕಳಿಲ್ಲದವರಿಗೆ ಊರ ಮಕ್ಕಳನ್ನು ಹೊಡೆಯುವ ಉಸಾಬರಿ ಏಕೆ, ತಾನೇ ಮುಂದೆ ನಿಂತು ನೋಡುತ್ತೇನೆ ಎಂದು ಅವರು ಸೆರಗು ಸಿಕ್ಕಿಸಿದರು.

ಆ ದಿನದ ಸಂಭ್ರಮ ನೆನೆದರೆ ಈಗಲೂ ನನ್ನ ಮುಖ ಅರಳುತ್ತದೆ. ಗಿರಣಿಯ ಗೇಟಿನಿಂದ ಗುಡಿಯವರೆಗೆ ಕಬ್ಬಿನ ಕಮಾನು. ಸನಾದಿಯವರನ್ನು ಕರೆಸಿದ್ದರು, ಹಲಗೆಯವರು ಕರೆಸದೆಯೇ ಬಂದಿದ್ದರು. ಗೋವಾದವರು ಪುಣೆಯವರು ಹಾಡಿನ ಜಗಳ ಮರೆತು ಒಟ್ಟಿಗೆ ತೋರಣ ಕಟ್ಟಿದರು. ಬಿಷಪ್ಪರ ಮೋಟಾರು ಅಂಕಲಗಿ ದಾಟಿತು ಎಂದು ಬಸ್ಸಿನ ಕಂಡಕ್ಟರು ಸುದ್ದಿ ತಂದ. ಮೋಟಾರು ಬಂತು, ಬಿಷಪ್ಪರು ಇಳಿದರು. ಎತ್ತರದ ಟೊಪ್ಪಿಗೆ, ಕೈಯಲ್ಲಿ ಬೆತ್ತ, ಮುಖದ ತುಂಬ ನಗು. ಇವರ ಕೈ ಏಳುವುದುಂಟೇ ಎಂದು ಕಾಕು ಅಲ್ಲೇ ಕರಗಿಹೋದರು. ಆರತಿ ತಟ್ಟೆ ಅವರ ಕೈಯಲ್ಲೇ ಇತ್ತು, ಅದನ್ನು ಅವರಿಂದ ಬಿಡಿಸಿಕೊಳ್ಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬಿಷಪ್ಪರು ಬಂದವರಿಗೆಲ್ಲ ಉಂಗುರ ಮುದ್ದಿಡಲೆಂದು ಕೈ ಚಾಚುವುದು ವಾಡಿಕೆ. ನಮ್ಮ ಕಡೆ ದೊಡ್ಡವರನ್ನು ಕಂಡರೆ ಕೈಗೆ ನಿಂಬೆಹಣ್ಣು ಕೊಡುವುದು ವಾಡಿಕೆ. ಅವರು ಕೈ ಚಾಚಿದರು, ಎದುರಿಗಿದ್ದ ಅತ್ತೆ ಆ ಕೈಯಲ್ಲಿ ನಿಂಬೆಹಣ್ಣು ಇಟ್ಟರು. ಹಿಂದೆ ಇದ್ದವರೆಲ್ಲ ಅದನ್ನೇ ಸರಿಯಾದ ಪದ್ಧತಿ ಎಂದು ತಿಳಿದು ನಿಂಬೆಹಣ್ಣಿಗಾಗಿ ಅಂಗಡಿಗೆ ಓಡಿದರು.

ಮಕ್ಕಳ ಕೆನ್ನೆ ತಟ್ಟುವುದು ಮುಗಿದು, ಬಿಷಪ್ಪರು ಸಾಲೆಯ ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂತಾಗ ಅತ್ತೆ ನುಗ್ಗಿದರು. ಅಪ್ಪ ಸೆರಗು ಹಿಡಿದು ಎಳೆಯುವಷ್ಟರಲ್ಲಿ ಅವರು ಕುರ್ಚಿಯ ಮುಂದೆ ಇದ್ದರು. ಒಂದು ಕೈಯಲ್ಲಿ ಅಂದು ಜೊತೆಗೇ ಕರೆತಂದಿದ್ದ ಭಾವ, ಒಂದು ಕೈಯಲ್ಲಿ ನಾನು. ಅತ್ತೆಯ ಮಾತಿನ ಸಾರಾಂಶ: ನನ್ನ ಹಕ್ಕಿನ ಹೆಣ್ಣು, ನಿಮ್ಮ ಗುರುಗಳು ಕೊಡಲು ಬಿಡುವುದಿಲ್ಲ, ಕಾರಣ ಕೇಳಿದರೆ ಹೇಳುವುದಿಲ್ಲ, ನೀವೇ ದೊಡ್ಡವರು, ಕೇಳಿ. ಬಿಷಪ್ಪರಿಗೆ ಕನ್ನಡ ಅರೆಬರೆ. ಗುರುಗಳತ್ತ ನೋಡಿದರು. ಗುರುಗಳು ಬಾಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಬಿಷಪ್ಪರ ನಗು ಮಾಯವಾಯಿತು. ಅವರು ನಮ್ಮಿಬ್ಬರನ್ನೂ ನೋಡಿ, ಒಂದೊಂದೇ ಶಬ್ದ ಹುಡುಕುತ್ತ, ಈ ಹುಡುಗನ ತಾಯಿ ಯಾರು ಎಂದು ಕೇಳಿದರು.

"ನಾನರಿ. ಹಡದಾಕಿ ನಾನ" ಎಂದರು ಅತ್ತೆ.

ಹುಡುಗಿಯ ತಾಯಿ ಯಾರು ಎಂದರು.

"ಅಲ್ಲಿ ನಿಂತಾಳಲ್ರಿ, ಸಿಟ್ಟಿನಾಕಿ. ನನ್ನ ತಮ್ಮನ ಹೆಂಡತಿ."

ಗುರುಗಳು ನನ್ನತ್ತ ತಿರುಗಿ, ಹಾಗಾದರೆ ಭಾವ ಎಂದೆಯಲ್ಲ ಎಂದರು. ಅತ್ತೆಯ ಮಗನನ್ನು ಭಾವ ಅನ್ನದೆ ಮಾವ ಅನ್ನಲೇ ಎಂದು ನಾನೂ ಗಟ್ಟಿಯಾಗಿಯೇ ಕೇಳಿದೆ. ಅವರು ಹಣೆ ಚಚ್ಚಿಕೊಂಡರು. ಆಮೇಲೆ ಕೊಂಕಣಿಯಲ್ಲಿ ಬಿಷಪ್ಪರಿಗೆ ಏನೋ ಹೇಳಿದರು, ಅದರಲ್ಲಿ ಭಾವ್ ಎಂಬ ಶಬ್ದ ಎರಡು ಮೂರು ಸಲ ಬಂತು. ಬಿಷಪ್ಪರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗುರುಗಳು ಅವರಿಗಿಂತ ಹೆಚ್ಚು ನಕ್ಕರು, ಕಣ್ಣೊರೆಸಿಕೊಂಡು, ಅಪ್ಪನ ಎರಡೂ ಕೈ ಹಿಡಿದು, ನೀವು ಸ್ವಂತ ಮಗನಿಗೇ ಮಗಳನ್ನು ಕೊಡುತ್ತಿದ್ದೀರಿ ಎಂದು ತಿಳಿದಿದ್ದೆ ಎಂದರು. ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ನೆಲದ ಮೇಲೆಯೇ ಕುಸಿದು ಕೂತರು. ಅವ್ವನೂ ಅತ್ತೆಯೂ ಆ ನಗುವಿನಲ್ಲಿ ಯಾವಾಗ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿದರೋ ಅವರಿಗೇ ತಿಳಿಯಲಿಲ್ಲ.

ಇಲ್ಲಿಗೆ ಮುಗಿಯಿತು ಎಂದು ನಾನು ಅಂದುಕೊಂಡೆ. ಮುಗಿದಿರಲಿಲ್ಲ. ಅತ್ತೆಯ ಮಗನೂ ರಕ್ತಸಂಬಂಧವೇ, ಚರ್ಚಿನ ಕಾನೂನಿನಲ್ಲಿ ಅದಕ್ಕೂ ಅಡ್ಡಿ ಇದೆ ಎಂದು ಗುರುಗಳು ವಿವರಿಸಿದರು. ಅಡ್ಡಿಯನ್ನು ಬಿಷಪ್ಪರು ಸಡಿಲಿಸಬಹುದು, ಅದಕ್ಕೆ ವಿನಾಯಿತಿ ಎನ್ನುತ್ತಾರೆ. ಗೋವಾಕ್ಕೆ ಬರೆದು ಕಾಯುವ ಕಾಲ ಹೋಯಿತು, ಈಗ ಬಿಷಪ್ಪರು ಇಲ್ಲೇ ಕೂತಿದ್ದಾರೆ. ಆದರೆ ಕಾರಣ ಬೇಕು, ಒಪ್ಪತಕ್ಕ ಕಾರಣಗಳು ಯಾವುವು ಎಂದು ಕಾನೂನಿನಲ್ಲಿ ಹೇಳಿದೆ ಎಂದರು. ಹುಡುಗಿಗೆ ವಯಸ್ಸು ಮೀರಿದೆಯೇ ಎಂದು ಮೊದಲು ಕೇಳಿದರು. ನಾನು ಅವರನ್ನು ನೋಡಿದ ರೀತಿಗೆ ಅವರೇ ತಡವರಿಸಿ ಮುಂದಕ್ಕೆ ಹೋದರು. ವರದಕ್ಷಿಣೆ ಕೊಡಲಾಗದೆ ಬೇರೆ ಗಂಡು ಸಿಗುತ್ತಿಲ್ಲವೇ ಎಂದರು. ನಾವು ಕೇಳಿದ್ದರೆ ತಾನೇ ಕೊಡಲಾಗದ ಮಾತು ಎಂದು ಅತ್ತೆ ಸಿಡುಕಿದರು. ಉಳಿದದ್ದು ಒಂದು. ಊರು ಸಣ್ಣದೇ ಎಂದು ಕೇಳಿದರು. ಕ್ಯಾಥೋಲಿಕರು ಕಡಿಮೆ ಇರುವ ಊರಾದರೆ ಅದೂ ಒಂದು ಕಾರಣವಾಗುತ್ತದೆ ಎಂದು ಅವರ ಮಾತಿನ ಅರ್ಥ. ಆದರೆ ಅಪ್ಪನ ಕಿವಿಗೆ ಬಿದ್ದದ್ದು ಗೋಕಾಕ ಸಣ್ಣ ಊರು ಎಂಬುದಷ್ಟೇ.

ಅಷ್ಟು ಹೊತ್ತು ಬಾಯಿ ಬಿಡದಿದ್ದ ಅಪ್ಪ ನೆಲದಿಂದ ಎದ್ದರು. ಇಂಥ ಜಲಪಾತ ಇನ್ನೆಲ್ಲಿದೆ ತೋರಿಸಿ, ಊರಿಗೆ ದೀಪ ಇಲ್ಲದ ಕಾಲದಲ್ಲಿ ನಮ್ಮ ಗಿರಣಿಯಲ್ಲಿ ಕರೆಂಟು ಇತ್ತು, ಗಿರಣಿಯ ಭೋಂಗಾ ಎಷ್ಟು ಹಳ್ಳಿಗಳಿಗೆ ಕೇಳಿಸುತ್ತದೆ ಗೊತ್ತೇ, ನಮ್ಮ ಕರದಂಟು ಮುಂಬಯಿಗೆ ಹೋಗುತ್ತದೆ ಎಂದು ಶುರುಮಾಡಿದರು. ಕಾಕು, ಕಾಕುವಿನ ಗಂಡ, ಸನಾದಿಯವರು, ಎಲ್ಲರೂ ಅಪ್ಪನ ಕಡೆ ಸೇರಿದರು. ಬಿಷಪ್ಪರ ಮುಂದೆ ಗೋಕಾಕ ಸಣ್ಣ ಊರೆಂದು ಒಪ್ಪಿಕೊಳ್ಳುವ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ. ನನ್ನ ಮದುವೆ ಇವರ ಅಭಿಮಾನದಲ್ಲಿ ಕೊಚ್ಚಿಕೊಂಡು ಹೋಗುತ್ತಿತ್ತು. ಭಾವನನ್ನು ನೋಡಿದೆ. ಅವರು ತಮ್ಮ ಕೈಯನ್ನೇ ನೋಡುತ್ತ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ.

"ನಮ್ಮ ಊರು ಸಣ್ಣದ್ರಿ" ಎಂದೆ. ಅಪ್ಪ ಗರ್ರನೆ ನನ್ನ ಕಡೆ ತಿರುಗಿದರು. "ನಮ್ಮ ಮಂದಿ ಇಲ್ಲೆ ಭಾಳ ಇಲ್ರಿ. ಇದ್ದವರೊಳಗ ನನಗ ಬೇಕಾದವರು ಇವರೊಬ್ಬರ."

ಬಿಷಪ್ಪರು ಏನಂತೆ ಎಂದು ಗುರುಗಳ ಕಡೆ ನೋಡಿದರು. ಗುರುಗಳು ಕೊಂಕಣಿಯಲ್ಲಿ ಅರ್ಧ ಹೇಳಿ ಅಲ್ಲಿಗೇ ನಿಲ್ಲಿಸಿದರು. ಒಮ್ಮೆ ಕೆಟ್ಟ ಕೆಲಸ ಇನ್ನೊಮ್ಮೆ ಕೆಡಬಾರದೆಂದು ಅವರ ಎಚ್ಚರ. ನನ್ನ ಕಡೆ ತಿರುಗಿ, ಬಹಳ ಗೌರವದಿಂದ, ಬೇಕಾದವರು ಎಂದರೆ ಸರಿಯಾಗಿ ಏನು, ಬಿಡಿಸಿ ಹೇಳಮ್ಮ ಎಂದರು.

ಅಪ್ಪ, ಅವ್ವ, ಅತ್ತೆ, ಕಾಕು, ಇಡೀ ಚಾಳು ನೋಡುತ್ತಿತ್ತು. ಆ ಕಾಲದಲ್ಲಿ ನಮ್ಮ ಕಡೆಯ ಹುಡುಗಿ ಒಬ್ಬ ಗಂಡಸಿನ ಬಗ್ಗೆ ಇಂಥ ಮಾತನ್ನು ಕತ್ತಲಲ್ಲಿ ಗೋಡೆಗೂ ಹೇಳುತ್ತಿರಲಿಲ್ಲ. ಆದರೂ ಹೇಳದೆ ಬಿಟ್ಟರೆ ಹೋದದ್ದೇ ಹೋಯಿತು ಎಂದು ತಿಳಿದಿತ್ತು.

"ಬೇಕಾದವರು ಅಂದ್ರ, ಇವರಿಲ್ದ ನನಗ ನಡಿಯೂದಿಲ್ರಿ."

ಗುರುಗಳು ಈ ಸಲ ಏನೂ ಕೇಳಲಿಲ್ಲ. ನಿಧಾನವಾಗಿ, ಒಂದೊಂದೇ ಶಬ್ದವನ್ನು ಬಿಷಪ್ಪರಿಗೆ ದಾಟಿಸಿದರು. ಬಿಷಪ್ಪರು ನನ್ನನ್ನೂ ಭಾವನನ್ನೂ ನೋಡಿ, ಊರು ಸಣ್ಣದೆಂದು ಬರೆದುಕೊಳ್ಳಿ ಎಂದು ಗುರುಗಳಿಗೆ ಹೇಳಿದರು. ಅಪ್ಪ ಏನೋ ಅನ್ನಲು ಹೋದರು, ಅತ್ತೆ ಅವರ ಬಾಯಿಯ ಮೇಲೆ ಕೈ ಇಟ್ಟರು.

ಬೂದಿ ಬುಧವಾರಕ್ಕೆ ಹಿಂದಿನ ಸೋಮವಾರ ನಮ್ಮ ಗುಡಿಯಲ್ಲೇ ಮದುವೆಯಾಯಿತು. ಗುರುಗಳೇ ಹುಕ್ಕೇರಿಯಿಂದ ವಿನಾಯಿತಿಯ ಕಾಗದವನ್ನು ಜೇಬಿನಲ್ಲಿಟ್ಟು ತಂದು, ಪೂಜೆ ಮಾಡಿ, ಹೋಳಿಗೆ ಊಟ ಮಾಡಿ, ಕಾಕು ಬಡಿಸಿದ ಚಟ್ನಿಗೆ ಕ್ರಮದಂತೆ ಕಣ್ಣೀರು ಹಾಕಿದರು. ಮಧ್ಯಾಹ್ನ ಮೂಡಲಗಿಯ ಬಸ್ಸು ಹತ್ತಿದೆವು. ಅತ್ತೆ ಮುಂದಿನ ಸೀಟಿನಲ್ಲಿ, ನಾವಿಬ್ಬರೂ ಅವರ ಹಿಂದೆ. ಆವರೆಗೆ ನನ್ನ ಗಂಡ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಅರಭಾವಿಯ ಹತ್ತಿರ ಬಂದಾಗ ಕಿಟಕಿಯ ಕಡೆ ನೋಡುತ್ತ ಹೇಳಿದರು.

"ಅವತ್ತ ನೀ ಹೇಳಿದ್ದನ್ನ ನಾನೂ ಹೇಳಬೇಕಂತಿದ್ದೆ. ನನ್ನ ಯಾರೂ ಕೇಳಲಿಲ್ಲ."

"ಈಗ ನಾ ಕೇಳತೇನಿ, ಹೇಳ್ರಿ" ಎಂದೆ.

ಅವರು ಹಿಂದೆ ಮುಂದೆ ನೋಡಿ, ಬಗ್ಗಿ, ಬಾಯೊಳಗೇ ಹೇಳಿದರು. ಇಂಜಿನ್ನಿನ ಸಪ್ಪಳದಲ್ಲಿ ಏನೂ ಕೇಳಿಸಲಿಲ್ಲ ಎಂದೆ. ಇನ್ನೊಮ್ಮೆ ಸ್ವಲ್ಪ ಜೋರಾಗಿ ಹೇಳಿದರು. ಕಿವಿಗೆ ಕೈ ಹಿಡಿದು, ಊಹೂಂ ಎಂದೆ. ಇಂಜಿನ್ನುಗಳ ನಡುವೆಯೇ ಬದುಕಿದ ಮನುಷ್ಯ, ಎದೆ ತುಂಬ ಉಸಿರೆಳೆದುಕೊಂಡು, "ನೀ ಇಲ್ದ ನನಗೂ ನಡಿಯೂದಿಲ್ಲ" ಎಂದು ಕೂಗಿದರು. ಸರಿಯಾಗಿ ಅದೇ ಹೊತ್ತಿಗೆ ಡ್ರೈವರು ಅರಭಾವಿಯ ಸ್ಟ್ಯಾಂಡಿನಲ್ಲಿ ಇಂಜಿನ್ನು ಬಂದ್ ಮಾಡಿದ್ದ. ಇಡೀ ಬಸ್ಸು ನಮ್ಮ ಕಡೆ ತಿರುಗಿತು, ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನನಗೆ ಮೊದಲನೆಯ ಸಲವೇ ಕೇಳಿಸಿತ್ತು.